ಕೆಟ್ಟ ಮೇಲೆ ಬುದ್ಧಿ ಬೇಡ, ಕೀ ಗೊಂಚಲಲ್ಲೊಂದು ಲಿನಕ್ಸ್ ಇರಲಿ

ಕಳೆದ ಸೆಮಿಸ್ಟರ್‌ನಲ್ಲಿ ಎರಡನೇ ಇಂಟರ್ನಲ್ಸ್ ಮುಗಿದ ವಾರ. ರಾತ್ರಿ ಹನ್ನೊಂದರ ಹೊತ್ತಿಗೆ ಪಕ್ಕದ ರೂಮಿನ ಜೂನಿಯರ್ ಒಬ್ಬ ಲ್ಯಾಪ್‌ಟಾಪ್ ಎತ್ಕೊಂಡು ನಮ್ಮ ರೂಮಿಗೆ ಬಂದ.

"ಅಣ್ಣಾ, ಮೊನ್ನೆ ಅಪ್‌ಡೇಟ್ ಆದ್ಮೇಲೆ ಇದು ಆನ್ ಆಗ್ಲೇ ಇಲ್ಲ. ಬೂಟ್ ಡಿವೈಸ್ ಸಿಗ್ತಿಲ್ಲ ಅಂತ ಬರ್ತಿತ್ತು. ಅಂಗಡಿಗೆ ಕೊಟ್ಟೆ, ಫಾರ್ಮ್ಯಾಟ್ ಮಾಡಿ ಕೊಟ್ರು. ಈಗ ಆನ್ ಆಗುತ್ತೆ, ಆದ್ರೆ ಹಳೇ ಫೈಲ್ ಒಂದೂ ಇಲ್ಲ. ವಾಪಸ್ ತೆಗೀಬಹುದಾ?"

ಯಾವ ಫೈಲು ಅಂತ ಕೇಳಿದೆವು. ಲ್ಯಾಬ್ ರೆಕಾರ್ಡು, ನೋಟ್ಸು, ಸಿನಿಮಾ ಇವೆಲ್ಲ ಹೋದ್ರೆ ಹೋಗ್ಲಿ ಅಂದ. ಅವನಿಗೆ ಬೇಕಿದ್ದದ್ದು ಅವನ ಅಜ್ಜಿ ಹಾಡಿದ ಸೋಬಾನೆ ಪದಗಳು. ಅಕ್ಕನ ಮದುವೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದನಂತೆ, ಮೂವತ್ತೊಂದು ಫೈಲು. ಫೋನಿನಲ್ಲಿ ಜಾಗ ಸಾಲದೆ ಲ್ಯಾಪ್‌ಟಾಪಿಗೆ ಹಾಕಿ, ಫೋನಿನಿಂದ ಅಳಿಸಿದ್ದ. ಅಜ್ಜಿ ಈ ವರ್ಷ ಯುಗಾದಿಗೆ ಮುಂಚೆ ತೀರಿಕೊಂಡರು.

ನಮ್ಮ ರೂಮಿನಲ್ಲಿ ನಾಲ್ಕು ಜನ: ಇಬ್ಬರು ಸಿಎಸ್, ಒಬ್ಬ ಇಸಿ, ಒಬ್ಬ ಮೆಕ್ಯಾನಿಕಲ್. ಗೊತ್ತಿದ್ದದ್ದನ್ನೆಲ್ಲ ಮಾಡಿದೆವು. ಫೋಟೋರೆಕ್ ಅನ್ನೋ ಪ್ರೋಗ್ರಾಂ ಹಚ್ಚಿ ಬೆಳಗಿನವರೆಗೂ ಕೂತೆವು. ಸಿಕ್ಕಿದ್ದು ಹೊಸ ವಿಂಡೋಸ್‌ನ ವಾಲ್‌ಪೇಪರ್‌ಗಳು, ಐಕಾನ್‌ಗಳು. ಒಂದು ಹಾಡೂ ಸಿಗಲಿಲ್ಲ. ಡಿಸ್ಕ್ ಆರೋಗ್ಯ ನೋಡಿದರೆ ಎಲ್ಲ ಸರಿಯಾಗಿತ್ತು. ಅಂದರೆ ಹಾಳಾಗಿದ್ದದ್ದು ಬಹುಶಃ ಬೂಟ್ ಆಗುವ ದಾರಿ ಮಾತ್ರ. ಹಾಡುಗಳು ಆ ಕ್ಷಣದಲ್ಲೂ ಡಿಸ್ಕಿನ ಒಳಗೆ ಸುರಕ್ಷಿತವಾಗಿ ಕೂತಿದ್ದಿರಬೇಕು. ಅಂಗಡಿಗೆ ಹೋಗುವ ಮುಂಚೆ ಒಂದು ಲೈವ್ ಲಿನಕ್ಸ್ ಪೆನ್‌ಡ್ರೈವ್ ಚುಚ್ಚಿದ್ದರೆ, ಅರ್ಧ ಗಂಟೆಯಲ್ಲಿ ಅಷ್ಟನ್ನೂ ಬೇರೆ ಡ್ರೈವಿಗೆ ಕಾಪಿ ಮಾಡಬಹುದಿತ್ತು.

"ಇರ್ಲಿ ಬಿಡಿ ಅಣ್ಣಾ" ಅಂತ ಹೇಳಿ ಅವನು ಎದ್ದು ಹೋದ. ನಮಗೆ ಆ ಮಾತು ಇನ್ನೂ ಹೋಗಿಲ್ಲ.

ಆ ಘಟನೆಯಾದ ಮೇಲೆ ನಾವು ನಾಲ್ವರೂ ಒಂದು ಅಭಿಪ್ರಾಯಕ್ಕೆ ಬಂದಿದ್ದೇವೆ, ಅದನ್ನು ಇಲ್ಲಿ ನೇರವಾಗಿ ಹೇಳಿಬಿಡುತ್ತೇವೆ. ಬ್ರಾಂಚ್ ಯಾವುದೇ ಇರಲಿ, ಎಂಜಿನಿಯರಿಂಗ್ ಓದುವ ಪ್ರತಿಯೊಬ್ಬರ ಹತ್ತಿರ ತಾವೇ ಕಟ್ಟಿದ ಒಂದು ಲೈವ್ ಲಿನಕ್ಸ್ ಪೆನ್‌ಡ್ರೈವ್ ಇರಬೇಕು. ಡೌನ್‌ಲೋಡ್ ಮಾಡಿದ್ದು ಇದ್ದರೂ ಸರಿಯೇ, ಆದರೆ ಒಂದು ಸಲವಾದರೂ ಸ್ವಂತ ಕೈಯಿಂದ ಕಟ್ಟಿ ನೋಡಬೇಕು. ಅದೂ ತೊಂದರೆ ಬರುವ ಮುಂಚೆ. 'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಅನ್ನೋ ಗಾದೆ ಡೇಟಾ ವಿಷಯದಲ್ಲಿ ಇನ್ನೂ ಕ್ರೂರ. ಇಲ್ಲಿ ಬುದ್ಧಿ ಬರೋ ಹೊತ್ತಿಗೆ ಅಡುಗೆಯೂ ಇರಲ್ಲ, ಒಲೆಯೂ ಇರಲ್ಲ.

ಲೈವ್ ಅಂದರೆ ಏನು?

ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಮಾಡದೆ, ಪೆನ್‌ಡ್ರೈವಿನಿಂದಲೇ ಪೂರ್ತಿ ಆಪರೇಟಿಂಗ್ ಸಿಸ್ಟಂ ಓಡುವುದಕ್ಕೆ ಲೈವ್ ಸಿಸ್ಟಂ ಅನ್ನುತ್ತಾರೆ. ಇದು ಹೊಸದೇನಲ್ಲ. ಜರ್ಮನಿಯ ಕ್ಲಾಸ್ ನಾಪರ್ ಅವರು ನಾಪಿಕ್ಸ್ ಅನ್ನು 2000ದಲ್ಲೇ ಬಿಡುಗಡೆ ಮಾಡಿದರು. ಆಗ ಅದು ಒಂದು ಸಿಡಿ. ಸಿಡಿ ಹಾಕಿ, ಕಂಪ್ಯೂಟರ್ ಆನ್ ಮಾಡಿದರೆ ಹಾರ್ಡ್ ಡಿಸ್ಕ್ ಮುಟ್ಟದೆ ಲಿನಕ್ಸ್ ಬರುತ್ತಿತ್ತು. ನಮ್ಮಲ್ಲಿ ಬಹಳಷ್ಟು ಜನ ಆಗ ಹುಟ್ಟೇ ಇರಲಿಲ್ಲ.

ಒಳಗೆ ನಡೆಯುವುದು ಸರಳ. ಇಡೀ ಸಿಸ್ಟಂ ಸ್ಕ್ವಾಶ್‌ಎಫ್‌ಎಸ್ ಅನ್ನೋ ಒಂದೇ ದೊಡ್ಡ ಫೈಲಿನಲ್ಲಿ ಒತ್ತಿ ಕೂತಿರುತ್ತದೆ. ಅದನ್ನು ಓದಬಹುದೇ ಹೊರತು ಬರೆಯೋಕೆ ಆಗಲ್ಲ. ಬೂಟ್ ಆಗುವಾಗ ಅದರ ಮೇಲೆ ರ್‍ಯಾಮ್‌ನಲ್ಲಿ ಒಂದು ಖಾಲಿ ಪದರ ಹಾಸುತ್ತಾರೆ; ಈ ಕೆಲಸವನ್ನು ಓವರ್‌ಲೇಎಫ್‌ಎಸ್ ಮಾಡುತ್ತದೆ. ಫಸ್ಟ್ ಇಯರ್ ಡ್ರಾಯಿಂಗ್ ಕ್ಲಾಸ್ ನೆನಪಿಸಿಕೊಳ್ಳಿ: ಒರಿಜಿನಲ್ ಶೀಟಿನ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಗೀಚಿದ ಹಾಗೆ. ಗೀಚಿದ್ದು ಕಾಣುತ್ತದೆ, ಕೆಳಗಿನ ಶೀಟಿಗೆ ಏನೂ ಆಗಲ್ಲ. ಆಫ್ ಮಾಡಿದರೆ ಟ್ರೇಸಿಂಗ್ ಪೇಪರ್ ಹರಿದು ಬಿಸಾಕಿದಂತೆ. ಮುಂದಿನ ಸಲ ಮತ್ತೆ ಹೊಚ್ಚ ಹೊಸ ಸಿಸ್ಟಂ.

ರೆಸ್ಕ್ಯೂ ಕೆಲಸಕ್ಕೆ ಇದೇ ದೊಡ್ಡ ಅನುಕೂಲ. ಕೆಟ್ಟಿರುವ ಡಿಸ್ಕನ್ನು ಅದರ ಮೇಲೇ ನಿಂತು ರಿಪೇರಿ ಮಾಡೋಕೆ ಆಗಲ್ಲ. ಪಕ್ಕದಲ್ಲಿ ಬೇರೆ ನೆಲ ಬೇಕು. ಲೈವ್ ಸಿಸ್ಟಂ ಆ ನೆಲ.

ಡೌನ್‌ಲೋಡ್ ಮಾಡಿದರೆ ಸಾಲದಾ?

ನಾವು ಈ ವಾದ ಮಾಡಿದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: "ಸಿಸ್ಟಂರೆಸ್ಕ್ಯೂ ಇದೆ, ಜಿಪಾರ್ಟೆಡ್ ಲೈವ್ ಇದೆ, ಕ್ಲೋನ್‌ಜಿಲ್ಲಾ ಇದೆ. ವೆಂಟಾಯ್ ಹಾಕಿದ್ರೆ ಒಂದೇ ಪೆನ್‌ಡ್ರೈವಿನಲ್ಲಿ ಎಲ್ಲಾ ಐಎಸ್‌ಒ ಇಟ್ಕೋಬಹುದು. ಮತ್ಯಾಕೆ ಗುರು ಕಟ್ಟೋ ತಲೆನೋವು?"

ಪ್ರಶ್ನೆ ನ್ಯಾಯವಾದದ್ದೇ. ಅವು ಒಳ್ಳೆಯ ಪ್ರಾಜೆಕ್ಟ್‌ಗಳು, ನಮಗಿಂತ ನೂರು ಪಟ್ಟು ತಿಳಿದವರು ಮಾಡಿದ್ದು. ಇವತ್ತು ರಾತ್ರಿಯೇ ನಿಮಗೆ ತೊಂದರೆ ಇದ್ದರೆ ಈ ಲೇಖನ ಬಿಟ್ಟು ಅದರಲ್ಲಿ ಒಂದನ್ನು ಇಳಿಸಿಕೊಳ್ಳಿ. ಆದರೂ ಸ್ವಂತದ್ದು ಬೇಕು ಅನ್ನೋಕೆ ನಮಗೆ ಮೂರು ಕಾರಣಗಳಿವೆ.

ಒಂದು, ಕನ್ನಡ. ಆ ಜೂನಿಯರ್ ತನ್ನ ಫೈಲುಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದ: 'ಹಸೆ ಹಾಡು', 'ಆರತಿ ಪದ' ಅಂತ. ಸಿದ್ಧವಾಗಿ ಸಿಗುವ ರೆಸ್ಕ್ಯೂ ಡಿಸ್ಕಿನಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ ಅನ್ನೋ ಖಾತರಿ ಇಲ್ಲ. ಫಾಂಟ್ ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಬರೀ ಚೌಕಗಳು ಕಾಣುತ್ತವೆ. ಕಪ್ಪು ಪರದೆಯ ಲಿನಕ್ಸ್ ಕನ್ಸೋಲ್‌ನಲ್ಲಂತೂ ಹೆಚ್ಚೆಂದರೆ 512 ಅಕ್ಷರರೂಪಗಳಿಗೆ ಜಾಗ. ಒತ್ತಕ್ಷರ ಜೋಡಿಸುವ ವ್ಯವಸ್ಥೆ ಅದಕ್ಕಿಲ್ಲ. ನೂರು ಚೌಕದ ಸಾಲುಗಳ ನಡುವೆ ಅಜ್ಜಿಯ ಹಾಡು ಯಾವುದು ಅಂತ ಹುಡುಕೋದು ಹೇಗೆ? ನಾವು ಕಟ್ಟಿದ್ದರಲ್ಲಿ ಗುಬ್ಬಿ, ನವಿಲು, ಲೋಹಿತ್ ಮೂರೂ ಫಾಂಟ್ ಇವೆ. ಮೂರೂ ಡೆಬಿಯನ್ ಭಂಡಾರದಲ್ಲೇ ಸಿಗುತ್ತವೆ. ಐಬಸ್ ಜೊತೆ ಕೆಜಿಪಿ ಕೀಬೋರ್ಡ್ ವಿನ್ಯಾಸವೂ ಇದೆ, ಹಾಗಾಗಿ ನುಡಿ ಟೈಪ್ ಮಾಡಿ ರೂಢಿಯಿದ್ದವರು ಕನ್ನಡದಲ್ಲೇ ಫೈಲು ಹುಡುಕಬಹುದು. ಇದನ್ನು ನಮಗಾಗಿ ಬೇರೆ ಯಾವನೋ ಮಾಡಿಕೊಡ್ತಾನೆ ಅಂತ ಕಾಯೋದರಲ್ಲಿ ಅರ್ಥ ಇಲ್ಲ. ಬೇಕಾದವರು ನಾವು, ಕಟ್ಟಬೇಕಾದವರೂ ನಾವೇ.

ಎರಡು, ಒಳಗೇನಿದೆ ಅಂತ ಗೊತ್ತಿರುವುದು. ಅರ್ಧರಾತ್ರಿ, ಎದುರಿಗೆ ಗಾಬರಿಯಾದ ಗೆಳೆಯ, ಸಾಯ್ತಾ ಇರುವ ಡಿಸ್ಕ್. ಆಗ ಮೆನುವಿನಲ್ಲಿ ನಲವತ್ತು ಟೂಲ್ ಇದ್ದರೆ ಉಪಯೋಗಕ್ಕಿಂತ ಅಪಾಯ ಜಾಸ್ತಿ. ನಾವೇ ಆರಿಸಿ ಹಾಕಿದ ಎಂಟು ಟೂಲ್ ಇದ್ದರೆ ಎಂಟೂ ಏನು ಮಾಡುತ್ತವೆ ಅಂತ ಗೊತ್ತಿರುತ್ತದೆ.

ಮೂರು, ಇದು ಪಾಠ. ಓಎಸ್ ಸಬ್ಜೆಕ್ಟಿನಲ್ಲಿ ಬೂಟ್‌ಲೋಡರ್, ಕರ್ನಲ್, ಫೈಲ್ ಸಿಸ್ಟಂ ಅಂತ ಹತ್ತು ಮಾರ್ಕಿಗೆ ಬರೆದು ಮರೆತಿದ್ದೇವೆ. ನಮ್ಮ ಮೆಕ್ಯಾನಿಕಲ್ ಗೆಳೆಯನಿಗೆ ಆ ಸಬ್ಜೆಕ್ಟೇ ಇರಲಿಲ್ಲ. ಒಂದು ಲೈವ್ ಸಿಸ್ಟಂ ಕಟ್ಟಿದ ಮೇಲೆ, ಪವರ್ ಬಟನ್ ಒತ್ತಿದಾಗಿನಿಂದ ಡೆಸ್ಕ್‌ಟಾಪ್ ಬರುವವರೆಗೆ ಏನೇನಾಗುತ್ತದೆ ಅಂತ ಈಗ ಅವನೇ ನಮಗಿಂತ ಚೆನ್ನಾಗಿ ಹೇಳ್ತಾನೆ.

ಕಟ್ಟಿದ ಕತೆ

ಕಟ್ಟೋದು ಅಂದ ತಕ್ಷಣ ಕರ್ನಲ್ ಬರೀಬೇಕೇನೋ ಅಂತ ಹೆದರಬೇಡಿ. ಡೆಬಿಯನ್‌ನಲ್ಲಿ ಲೈವ್-ಬಿಲ್ಡ್ ಅನ್ನೋ ಪ್ಯಾಕೇಜ್ ಇದೆ. ಒಂದು ಡೆಬಿಯನ್ ಮೆಷಿನ್ ಬೇಕು, ವರ್ಚುವಲ್‌ಬಾಕ್ಸ್ ಒಳಗಿದ್ದರೂ ನಡೆಯುತ್ತದೆ. ಒಂದು ಖಾಲಿ ಫೋಲ್ಡರ್ ಮಾಡಿ 'ಎಲ್‌ಬಿ ಕಾನ್ಫಿಗ್' ಅಂದರೆ ಅದು ಸಂರಚನೆಯ ಚೌಕಟ್ಟು ಹಾಕಿಕೊಡುತ್ತದೆ. ನಾವು ಮಾಡಬೇಕಾದದ್ದು ಮುಖ್ಯವಾಗಿ ಮೂರೇ ಕೆಲಸ.

ಮೊದಲನೆಯದು ಪ್ಯಾಕೇಜ್ ಪಟ್ಟಿ. ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬೇಕಾದ ಪ್ರೋಗ್ರಾಂಗಳ ಹೆಸರು, ಸಾಲಿಗೊಂದರಂತೆ. ದಿನಸಿ ಚೀಟಿ ಬರೆದ ಹಾಗೇ. ಎರಡನೆಯದು ನಮ್ಮದೇ ಫೈಲುಗಳು. 'ಇನ್‌ಕ್ಲೂಡ್ಸ್' ಫೋಲ್ಡರಿನಲ್ಲಿ ಏನು ಯಾವ ಜಾಗದಲ್ಲಿ ಇಡುತ್ತೇವೋ, ಲೈವ್ ಸಿಸ್ಟಂನಲ್ಲೂ ಅದೇ ಜಾಗಕ್ಕೆ ಬಂದು ಕೂರುತ್ತದೆ. ನಾವು ಅಲ್ಲಿ ಕನ್ನಡದಲ್ಲಿ ಬರೆದ ಎರಡು ಪುಟದ ಸೂಚನೆ ಇಟ್ಟಿದ್ದೇವೆ, ಡೆಸ್ಕ್‌ಟಾಪಿನಲ್ಲಿ 'ಮೊದಲು ಇದನ್ನು ಓದಿ' ಅಂತ ಕಾಣುತ್ತದೆ. ಮೂರನೆಯದು ಹುಕ್, ಅಂದರೆ ಕಟ್ಟುವ ಹೊತ್ತಿನಲ್ಲಿ ಒಳಗೆ ಓಡಬೇಕಾದ ಚಿಕ್ಕ ಸ್ಕ್ರಿಪ್ಟ್. ಇದು ಮೊದಲ ಸಲಕ್ಕೆ ಇಲ್ಲದಿದ್ದರೂ ನಡೆಯುತ್ತದೆ.

ಇಷ್ಟಾದ ಮೇಲೆ ರೂಟ್ ಆಗಿ 'ಎಲ್‌ಬಿ ಬಿಲ್ಡ್' ಅಂದು ಮೆಸ್ಸಿಗೆ ಊಟಕ್ಕೆ ಹೋಗಬಹುದು. ಅದು ಪ್ಯಾಕೇಜ್ ಇಳಿಸಿ, ಜೋಡಿಸಿ, ಒತ್ತಿ, ಕೊನೆಗೆ ಒಂದು ಐಎಸ್‌ಒ ಫೈಲು ಕೊಡುತ್ತದೆ.

ಹೇಳೋಕೆ ಸುಲಭ. ನಾವು ಮೂರು ಸಲ ಬಿದ್ದೆವು. ಮೊದಲ ಸಲ ಡಿಸ್ಕಿನಲ್ಲಿ ಜಾಗ ಸಾಲದೆ ಮಧ್ಯದಲ್ಲೇ ನಿಂತಿತು. 10 ಜಿಬಿಯಾದರೂ ಖಾಲಿ ಇಟ್ಟುಕೊಳ್ಳಿ. ಎರಡನೇ ಸಲ ಪೂರ್ತಿಯಾಯಿತು, ಆದರೆ ನಮಗೆ ಬೇಕಾದ ಜಿಎನ್‌ಯು ಡಿಡಿರೆಸ್ಕ್ಯೂ ಅದರಲ್ಲಿರಲಿಲ್ಲ. ಡೆಬಿಯನ್‌ನಲ್ಲಿ ಆ ಪ್ಯಾಕೇಜ್ ಹೆಸರಿನ ಮುಂದೆ ಒಂದು 'ಜಿ' ಇದೆ. ಅದನ್ನು ಬಿಟ್ಟು ಬರೆದಿದ್ದೆವು, ಹೆಚ್ಚು ಕಡಿಮೆ ಅದೇ ಹೆಸರಿನ ಬೇರೆ ಪ್ರೋಗ್ರಾಂ ಬಂದು ಕೂತಿತ್ತು. ಮೂರನೇ ಸಲ ಎಲ್ಲ ಸರಿ, ವೈಫೈ ಮಾತ್ರ ಇಲ್ಲ. ಡೆಬಿಯನ್ 12ರಿಂದ ವೈಫೈ ಫರ್ಮ್‌ವೇರ್‌ಗಳನ್ನು 'ನಾನ್-ಫ್ರೀ-ಫರ್ಮ್‌ವೇರ್' ಅನ್ನೋ ಪ್ರತ್ಯೇಕ ವಿಭಾಗದಲ್ಲಿ ಇಟ್ಟಿದ್ದಾರೆ. ಆ ವಿಭಾಗ ಬೇಕು ಅಂತ ಕಾನ್ಫಿಗ್ ಹಂತದಲ್ಲೇ ಹೇಳಬೇಕು, ಫರ್ಮ್‌ವೇರ್ ಪ್ಯಾಕೇಜ್‌ಗಳನ್ನೂ ಪಟ್ಟಿಗೆ ಸೇರಿಸಬೇಕು. ನಾಲ್ಕನೇ ಸಲಕ್ಕೆ ಕೆಲಸ ಮಾಡಿತು. ಇಳಿಸಿದ ಪ್ಯಾಕೇಜ್‌ಗಳು ಕ್ಯಾಶ್‌ನಲ್ಲಿ ಉಳಿಯುವುದರಿಂದ ಪ್ರತಿ ಸಲ ಹಾಸ್ಟೆಲ್ ವೈಫೈ ಜೊತೆ ಜಗಳ ಆಡಬೇಕಾಗಿ ಬರಲಿಲ್ಲ.

ಪೆನ್‌ಡ್ರೈವಿಗೆ ಬರೆಯುವ ಮುಂಚೆ ವರ್ಚುವಲ್ ಮೆಷಿನ್‌ನಲ್ಲಿ ಬೂಟ್ ಮಾಡಿ ನೋಡಿ. ಬರೆಯುವಾಗ ಡಿಡಿ ಬಳಸಿದರೆ ಯಾವ ಡ್ರೈವ್ ಅಂತ ಎರಡು ಸಲ ನೋಡಿ. ಒಂದು ಅಕ್ಷರ ತಪ್ಪಿದರೆ ಪೆನ್‌ಡ್ರೈವ್ ಬದಲು ನಿಮ್ಮದೇ ಹಾರ್ಡ್ ಡಿಸ್ಕ್ ಮೇಲೆ ಬರೆದುಬಿಡುತ್ತದೆ, 'ಖಚಿತವೇ?' ಅಂತ ಅದು ಕೇಳುವುದೂ ಇಲ್ಲ. ರೆಸ್ಕ್ಯೂ ಡಿಸ್ಕ್ ಮಾಡೋಕೆ ಹೋಗಿ ರೆಸ್ಕ್ಯೂ ಬೇಕಾಗುವ ಪರಿಸ್ಥಿತಿ ತಂದುಕೊಳ್ಳಬೇಡಿ.

ನಮ್ಮ ಪಟ್ಟಿಯಲ್ಲಿರುವ ಮುಖ್ಯ ಟೂಲ್‌ಗಳು ಇಷ್ಟು: ಡಿಸ್ಕ್ ಆರೋಗ್ಯ ನೋಡೋಕೆ ಸ್ಮಾರ್ಟ್‌ಮಾನ್‌ಟೂಲ್ಸ್, ಸಾಯ್ತಾ ಇರುವ ಡಿಸ್ಕಿನಿಂದ ನಕಲು ತೆಗೆಯೋಕೆ ಡಿಡಿರೆಸ್ಕ್ಯೂ, ಕಳೆದ ಪಾರ್ಟಿಷನ್‌ಗೆ ಟೆಸ್ಟ್‌ಡಿಸ್ಕ್, ಅಳಿಸಿದ ಫೈಲಿಗೆ ಅದರ ಜೋಡಿ ಫೋಟೋರೆಕ್, ಪಾರ್ಟಿಷನ್ ಕೆಲಸಕ್ಕೆ ಜಿಪಾರ್ಟೆಡ್, ವಿಂಡೋಸ್ ಡಿಸ್ಕ್ ಓದೋಕೆ ಎನ್‌ಟಿಎಫ್‌ಎಸ್-3ಜಿ, ಬೀಗ ಹಾಕಿದ ಡಿಸ್ಕಿಗೆ ಕ್ರಿಪ್ಟ್‌ಸೆಟಪ್, ರ್‍ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್. ಜೊತೆಗೆ ಒಂದು ಬ್ರೌಸರ್, ಲಿಬ್ರೆಆಫೀಸ್, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಯಾರ ಲ್ಯಾಪ್‌ಟಾಪ್ ಕೈಕೊಟ್ಟರೂ ಅದೇ ಮೆಷಿನ್‌ನಲ್ಲಿ ಪೆನ್‌ಡ್ರೈವ್ ಹಾಕಿ ಅಸೈನ್‌ಮೆಂಟ್ ಮುಗಿಸಬಹುದು.

ದಿನಬಳಕೆಗೂ ಬೇಕು, ಮಾಡಿದ ಬದಲಾವಣೆ ಉಳಿಯಬೇಕು ಅಂದರೆ ಪೆನ್‌ಡ್ರೈವಿನ ಉಳಿದ ಜಾಗದಲ್ಲಿ 'ಪರ್ಸಿಸ್ಟೆನ್ಸ್' ಅನ್ನೋ ಲೇಬಲ್ ಇರುವ ಪಾರ್ಟಿಷನ್ ಮಾಡಿ, ಅದರೊಳಗೆ ಒಂದೇ ಸಾಲಿನ ಸಂರಚನಾ ಫೈಲು ಇಟ್ಟು, ಬೂಟ್ ಮಾಡುವಾಗ ಅದನ್ನು ಬಳಸು ಅಂತ ಹೇಳಬೇಕು. ಮೊದಲು ಹೇಳಿದ ಟ್ರೇಸಿಂಗ್ ಪೇಪರನ್ನು ಬಿಸಾಕದೆ ಫೈಲಿನಲ್ಲಿ ಇಟ್ಟುಕೊಂಡ ಹಾಗೆ. ಈ ಪಾರ್ಟಿಷನ್‌ಗೆ ಎನ್‌ಕ್ರಿಪ್ಷನ್ ಹಾಕಿ. ಪೆನ್‌ಡ್ರೈವ್ ಕಳೆದುಹೋಗುವ ವಸ್ತು. ಆದರೆ ರೆಸ್ಕ್ಯೂಗೆ ಬೂಟ್ ಮಾಡುವಾಗ ಪರ್ಸಿಸ್ಟೆನ್ಸ್ ಬೇಡ, ಪ್ರತಿ ಸಲ ಹೊಸದಾಗಿ ಶುರುವಾಗುವುದೇ ಅಲ್ಲಿ ಒಳ್ಳೆಯದು.

ಕೆಲಸಕ್ಕೆ ಬಂದ ರಾತ್ರಿ

ಇದು ಬರೀ ಉಪದೇಶ ಅಂತ ಅನ್ನಿಸಬಾರದು. ಫೈನಲ್ ಇಯರ್ ಪ್ರಾಜೆಕ್ಟ್ ವೈವಾಕ್ಕೆ ಎರಡು ದಿನ ಇರುವಾಗ ಕೆಳಗಿನ ಫ್ಲೋರಿನ ಸೀನಿಯರ್ ಒಬ್ಬರ ಹಳೇ ಲ್ಯಾಪ್‌ಟಾಪ್ ಕೈಕೊಟ್ಟಿತು. 500 ಜಿಬಿಯ ಹಾರ್ಡ್ ಡಿಸ್ಕ್, ಒಳಗಿನಿಂದ ಟಿಕ್ ಟಿಕ್ ಶಬ್ದ. ನಾವು ಹೋಗುವ ಹೊತ್ತಿಗೆ ಅವರು ಏಳೆಂಟು ಸಲ ಆಫ್ ಮಾಡಿ ಆನ್ ಮಾಡಿದ್ದರು.

"ಅಣ್ಣಾ, ದಯವಿಟ್ಟು ಇನ್ನು ಆನ್ ಮಾಡ್ಬೇಡಿ" ಅಂದೆವು.

ನಮ್ಮ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಸ್ಕ್ ಆರೋಗ್ಯ ನೋಡಿದರೆ, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ ಏರುತ್ತಿತ್ತು. "ರಿಪೋರ್ಟ್ ಫೋಲ್ಡರ್ ಒಂದೇ ಎತ್ಕೊಂಡುಬಿಡೋಣ" ಅಂತ ಅವರು. "ಮೊದಲು ಪೂರ್ತಿ ಡಿಸ್ಕಿನ ಇಮೇಜ್" ಅಂತ ನಾವು. ಸಾಯುವ ಡಿಸ್ಕಿನಲ್ಲಿ ಫೈಲು ಹುಡುಕುತ್ತಾ ಓಡಾಡಿದಷ್ಟೂ ಅದರ ಆಯಸ್ಸು ಕಡಿಮೆ. ಡಿಡಿರೆಸ್ಕ್ಯೂ ಜಾಣತನದಿಂದ ಕೆಲಸ ಮಾಡುತ್ತದೆ: ಮೊದಲು ಸುಲಭವಾಗಿ ಓದಲಾಗುವ ಭಾಗಗಳನ್ನೆಲ್ಲ ಬಾಚಿಕೊಳ್ಳುತ್ತದೆ, ಕೆಟ್ಟ ಜಾಗ ಸಿಕ್ಕರೆ ಗುರುತು ಹಾಕಿ ಮುಂದೆ ಹೋಗುತ್ತದೆ, ಕೊನೆಗೆ ಮಾತ್ರ ಕಷ್ಟದ ಭಾಗಕ್ಕೆ ವಾಪಸ್ ಬರುತ್ತದೆ. ಎಲ್ಲಿಗೆ ಬಂದಿದ್ದೇವೆ ಅಂತ ಮ್ಯಾಪ್ ಫೈಲಿನಲ್ಲಿ ಬರೆದುಕೊಳ್ಳುವುದರಿಂದ ಕರೆಂಟ್ ಹೋದರೂ ಮೊದಲಿನಿಂದ ಶುರು ಮಾಡಬೇಕಾಗಿಲ್ಲ.

ಅವರ ಕ್ಲಾಸ್‌ಮೇಟ್ ಹತ್ತಿರ ಇದ್ದ 1 ಟಿಬಿ ಎಕ್ಸ್‌ಟರ್ನಲ್ ಡ್ರೈವ್ ತರಿಸಿ ಶುರು ಮಾಡಿದೆವು. ಬೆಳಿಗ್ಗೆ ಮೆಸ್ಸಿನಲ್ಲಿ ಚಿತ್ರಾನ್ನ ಬಡಿಸೋ ಹೊತ್ತಿಗೆ ಮುಗಿಯಿತು. ಸ್ವಲ್ಪ ಭಾಗ ಸಿಗಲೇ ಇಲ್ಲ. ಒಂದಷ್ಟು ಫೋಟೋಗಳು ಅರ್ಧ ಬೂದು ಬಣ್ಣ. ಆದರೆ ರಿಪೋರ್ಟ್, ಕೋಡ್, ರೀಡಿಂಗ್ಸ್ ಎಲ್ಲ ಇಮೇಜಿನಿಂದ ತೆರೆದವು. ವೈವಾ ಆಯಿತು. ಅವರು ನಮಗೆ ಮಸಾಲೆ ದೋಸೆ ಕೊಡಿಸಿದರು, ಹೊಸ ಎಸ್‌ಎಸ್‌ಡಿ ಹಾಕಿಸಿಕೊಂಡರು. ಅವತ್ತು ಆ ಜೂನಿಯರ್ ಕೂಡ ನಮ್ಮ ಜೊತೆ ರಾತ್ರಿಯಿಡೀ ಕೂತಿದ್ದ.

ಆಗದ ಕೆಲಸಗಳೂ ಇವೆ

ಲೈವ್ ಲಿನಕ್ಸ್ ಸಂಜೀವಿನಿ ಅಲ್ಲ. ಇದನ್ನು ಹೇಳದಿದ್ದರೆ ಮೋಸ ಮಾಡಿದಂತೆ.

ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಅಥವಾ ಫಾರ್ಮ್ಯಾಟ್ ಮಾಡಿದ್ದು ಸಾಮಾನ್ಯವಾಗಿ ವಾಪಸ್ ಬರಲ್ಲ. ಹಳೇ ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಅಂದರೆ ಪುಸ್ತಕದ ಪರಿವಿಡಿ ಹರಿದ ಹಾಗೆ, ಪುಟಗಳು ಇನ್ನೂ ಇರುತ್ತವೆ. ಎಸ್‌ಎಸ್‌ಡಿಯಲ್ಲಿ ಆಪರೇಟಿಂಗ್ ಸಿಸ್ಟಂ ಟ್ರಿಮ್ ಅನ್ನೋ ಆದೇಶ ಕಳಿಸಿ 'ಈ ಜಾಗ ಇನ್ನು ಬೇಡ' ಅನ್ನುತ್ತದೆ, ಡ್ರೈವ್ ತನ್ನ ಪಾಡಿಗೆ ಅದನ್ನು ತೊಳೆದುಬಿಡುತ್ತದೆ. ಜೂನಿಯರ್‌ನ ಹಾಡುಗಳು ಸಿಗದೆ ಹೋದದ್ದಕ್ಕೆ ಇದೇ ಕಾರಣ ಇರಬೇಕು. ಹಾಗಾಗಿ ಕ್ರಮ ಮುಖ್ಯ: ಮೊದಲು ಕಾಪಿ, ಆಮೇಲೆ ಫಾರ್ಮ್ಯಾಟ್. ಅಂಗಡಿಯವರನ್ನು ನಾವು ಬೈಯಲ್ಲ, ಲ್ಯಾಪ್‌ಟಾಪ್ ಆನ್ ಮಾಡಿಕೊಡಿ ಅಂತ ಕೇಳಿದ್ದಕ್ಕೆ ಆನ್ ಮಾಡಿಕೊಟ್ಟರು. ಡೇಟಾ ಬೇಕು ಅಂತ ಹೇಳಬೇಕಾದವರು ನಾವು.

ಇನ್ನೊಂದು ಬಿಟ್‌ಲಾಕರ್. ಈಗ ಬರುವ ಹಲವು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ನಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಲಿನಕ್ಸ್‌ನಿಂದ ಕ್ರಿಪ್ಟ್‌ಸೆಟಪ್ ಮೂಲಕ ಅದನ್ನು ತೆರೆಯಬಹುದು, ಆದರೆ 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಈ ಲೇಖನ ಓದಿ ನೀವು ಪೆನ್‌ಡ್ರೈವ್ ಮಾಡದಿದ್ದರೂ ಪರವಾಗಿಲ್ಲ, ಇವತ್ತೇ ಆ ಕೀ ನೋಡಿ ಒಂದು ಕಾಗದದಲ್ಲಿ ಬರೆದು ಟ್ರಂಕಿನಲ್ಲಿಡಿ.

ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕೂಡ ಒಂದು ಕಿರಿಕ್ಕು. ಶಟ್‌ಡೌನ್ ಕೊಟ್ಟರೂ ಅದು ಅರ್ಧ ನಿದ್ದೆಯಲ್ಲೇ ಇರುತ್ತದೆ. ಅಂಥ ಡಿಸ್ಕಿಗೆ ಲಿನಕ್ಸ್‌ನಿಂದ ಬರೆಯೋಕೆ ಹೋಗಬಾರದು, ಓದೋಕೆ ಮಾತ್ರ ಮೌಂಟ್ ಮಾಡಿ ಬೇಕಾದ್ದನ್ನು ಕಾಪಿ ಮಾಡಿಕೊಳ್ಳಬೇಕು.

"ಎಲ್ಲಾ ಡ್ರೈವ್‌ನಲ್ಲಿದೆ, ಕ್ಲೌಡ್ ಇದೆಯಲ್ಲ" ಅನ್ನೋರು ಇದ್ದಾರೆ. ಒಳ್ಳೆಯದು, ಬ್ಯಾಕಪ್‌ಗಿಂತ ದೊಡ್ಡ ರೆಸ್ಕ್ಯೂ ಟೂಲ್ ಇಲ್ಲ. ಆದರೆ ನಿಜವಾಗ್ಲೂ ಎಲ್ಲಾ ಇದೆಯಾ? ಫ್ರೀ ಜಾಗ ತುಂಬಿದ ಮೇಲೆ ಸಿಂಕ್ ಯಾವತ್ತು ನಿಂತಿತು ಅಂತ ಒಮ್ಮೆ ನೋಡಿ ಬನ್ನಿ.

ಪಾಸ್‌ವರ್ಡ್ ಬಗ್ಗೆ ಒಂದು ಮಾತು

ಮೊದಲ ಸಲ ಒಬ್ಬ ಗೆಳೆಯನ ವಿಂಡೋಸ್ ಡಿಸ್ಕನ್ನು ಅವನ ಪಾಸ್‌ವರ್ಡ್ ಇಲ್ಲದೆ ತೆರೆದಾಗ ನಮಗೇ ದಿಗಿಲಾಯಿತು. ಫೋಟೋ, ಮಾರ್ಕ್ಸ್ ಕಾರ್ಡ್, ಆಧಾರ್ ಸ್ಕ್ಯಾನ್ ಎಲ್ಲ ಕಣ್ಣೆದುರು. ಲಾಗಿನ್ ಪಾಸ್‌ವರ್ಡ್ ಅನ್ನೋದು ಬಾಗಿಲಿನ ಚಿಲಕ, ಪೆಟ್ಟಿಗೆಯ ಬೀಗ ಅಲ್ಲ. ಎನ್‌ಕ್ರಿಪ್ಷನ್ ಮಾತ್ರ ಬೀಗ. ಹಾಸ್ಟೆಲ್‌ನಂಥ ಜಾಗದಲ್ಲಿ ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ.

ಅದಕ್ಕೇ ನಾವು ನಿಯಮ ಮಾಡಿಕೊಂಡಿದ್ದೇವೆ. ಲ್ಯಾಪ್‌ಟಾಪಿನ ಯಜಮಾನ ಪಕ್ಕದಲ್ಲಿ ಕೂತಿರಬೇಕು. ಅವರು ಹೇಳಿದ ಫೋಲ್ಡರ್ ಮಾತ್ರ ತೆರೆಯಬೇಕು. ಕೆಲಸ ಮುಗಿದ ಮೇಲೆ ನಮ್ಮ ಹತ್ತಿರ ಒಂದು ಕಾಪಿಯೂ ಉಳಿಯಬಾರದು. ಲ್ಯಾಬಿನ ಮೆಷಿನ್‌ಗಳಿಗೆ ಅನುಮತಿ ಇಲ್ಲದೆ ಪೆನ್‌ಡ್ರೈವ್ ಚುಚ್ಚಬಾರದು. ಈ ನಿಯಮ ಪಾಲಿಸೋಕೆ ಆಗದವರು ಈ ಪೆನ್‌ಡ್ರೈವ್ ಇಟ್ಟುಕೊಳ್ಳದಿರುವುದೇ ಮೇಲು.

ನಾವು ಕೇಳುವುದು

ಕೊನೆಗೆ ಕನ್ನಡ ಸಂಘಕ್ಕೆ ನಮ್ಮದೊಂದು ಬೇಡಿಕೆ. ರಾಜ್ಯೋತ್ಸವಕ್ಕೆ ಬಾವುಟ ಹಾರಿಸುತ್ತೇವೆ, ಹಾಡು ಹಾಡುತ್ತೇವೆ, ಮಾಡೋಣ. ಅದೇ ವಾರದಲ್ಲಿ ಒಂದು ಶನಿವಾರ ಮಧ್ಯಾಹ್ನ ಸೆಮಿನಾರ್ ಹಾಲ್ ಕೊಡಿಸಿ. ನಾವು ಮಾಡಿಟ್ಟಿರುವ ಸಂರಚನೆಯ ಫೋಲ್ಡರ್ ಪೂರ್ತಿ ಕೆಲವೇ ಸಣ್ಣ ಟೆಕ್ಸ್ಟ್ ಫೈಲುಗಳು, ಯಾರು ಬೇಕಾದರೂ ತಗೊಂಡು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು. ಸಿವಿಲ್‌ನವರು ಕ್ಯಾಡ್ ಹಾಕಿಕೊಳ್ಳಲಿ, ಇಸಿಯವರು ಸರ್ಕ್ಯೂಟ್ ಟೂಲ್ ಹಾಕಿಕೊಳ್ಳಲಿ. ಒಂದೊಂದು ಫ್ಲೋರಿಗೆ ಕನಿಷ್ಠ ಒಬ್ಬರ ಹತ್ತಿರ ಒಂದು ಪೆನ್‌ಡ್ರೈವ್ ಇದ್ದರೆ ಸಾಕು, ಮುಂದಿನ ಸಲ ಯಾರದಾದರೂ ಲ್ಯಾಪ್‌ಟಾಪ್ ಕಪ್ಪಾದಾಗ ಅವರು ಅಂಗಡಿಗೆ ಓಡುವ ಮುಂಚೆ ಆ ರೂಮಿನ ಬಾಗಿಲು ತಟ್ಟುತ್ತಾರೆ. ಬೇಕಿರುವುದು 16 ಜಿಬಿಯ ಒಂದು ಪೆನ್‌ಡ್ರೈವ್, ಒಂದು ಭಾನುವಾರ, ಮೂರು ಸಲ ಬೀಳುವ ತಾಳ್ಮೆ.

ಸೋಬಾನೆ ಪದ ಕಳೆದುಕೊಂಡ ಹುಡುಗ ಕಳೆದ ತಿಂಗಳು ತಾನೇ ಒಂದು ಲೈವ್ ಸಿಸ್ಟಂ ಕಟ್ಟಿದ. ನಮ್ಮ ಪಟ್ಟಿಗೆ ಇನ್ನೆರಡು ಸಾಲು ಸೇರಿಸಿದ್ದಾನೆ: ಒಂದು ಆಡಿಯೋ ಎಡಿಟರ್, ಒಂದು ಬ್ಯಾಕಪ್ ಪ್ರೋಗ್ರಾಂ. ದಸರಾ ರಜೆಗೆ ಊರಿಗೆ ಹೋದಾಗ ಅಜ್ಜಿಯ ತಂಗಿಯಿಂದ ಹಾಡಿಸಿ ರೆಕಾರ್ಡ್ ಮಾಡಿಕೊಂಡು ಬರ್ತಾನಂತೆ. ಈ ಸಲ ಮೂರು ಕಡೆ ಇಡ್ತೀನಿ ಅಂದ. ಅದರಲ್ಲಿ ಒಂದು ಕಾಪಿ ನಮ್ಮ ರೂಮಿನಲ್ಲಿ ಇರುತ್ತದೆ.